ಒದ್ದೆ ಹಲಗೆಗೆ ಹಿಡಿದ ಹತ್ತರಿ

"ಗುರುಗಳೇ, ತಪ್ಪು ಕಣ್ಣಿಗೆ ಬಿದ್ದ ಮೇಲೂ ಅದನ್ನು ತಿದ್ದದೆ ಸುಮ್ಮನಿರುವುದು ಸರಿಯೇ?"

ಕೇಳಿದವನು ಅಡವಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಅವನ ಕೈಕೆಳಗೆ ಅಡುಗೆಮನೆಯಲ್ಲಿ ಗದಿಗೆಯ್ಯ ಎಂಬ ಇನ್ನೊಬ್ಬ ಶಿಷ್ಯನಿದ್ದ. ಕೆಲವು ದಿನಗಳಿಂದ ಗದಿಗೆಯ್ಯನ ನಡತೆ ಕೆಟ್ಟಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಎರಡು ಸಲ ಅನ್ನ ಸೀಯಿಸಿದ್ದ. ಹಿಂದಿನ ದಿನ ದಾರಿಹೋಕನೊಬ್ಬ ಇನ್ನಷ್ಟು ಸಾರು ಕೇಳಿದ್ದಕ್ಕೆ ಸೌಟನ್ನು ಎಸೆದು ಹೊರಗೆ ಹೋಗಿದ್ದ.

"ನಾಳೆ ಪಂಕ್ತಿಯ ಎದುರಿಗೇ ಅವನನ್ನು ನಿಲ್ಲಿಸಿ ಕೇಳುತ್ತೇನೆ," ಎಂದ ಅಡವಯ್ಯ. "ತಪ್ಪೊಪ್ಪಿಕೊಂಡರೆ ಇರಲಿ. ಇಲ್ಲವಾದರೆ ಗಂಟು ಕಟ್ಟಿಕೊಂಡು ಹೋಗಲಿ. ತಾವು ಅಪ್ಪಣೆ ಕೊಡಬೇಕು."

ಗುರುಗಳು ಅಪ್ಪಣೆಯನ್ನೂ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಹೇಳತೊಡಗಿದರು.

ಹೊಳೆದಂಡೆಯ ಪೇಟೆಯೊಂದರಲ್ಲಿ ಮೌನೇಶನೆಂಬ ಬಡಗಿ ಇದ್ದ. ಕೈಯಲ್ಲಿ ಒಳ್ಳೆಯ ಕಸುಬಿತ್ತು. ಅವನು ಹತ್ತರಿ ಹಿಡಿದು ಕೀಸಿದ ಹಲಗೆಯ ಮೇಲೆ ಇರುವೆಯೂ ಜಾರುತ್ತದೆ ಎಂದು ಜನ ಹೇಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಕೇಳಿ ಕೇಳಿ ಅವನಿಗೂ ಅದು ನಿಜವೆನಿಸಿತ್ತು.

ಅದೇ ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ಮನೆಯ ನೆಲ ಕಲ್ಲಿನದಲ್ಲ, ಮರದ್ದು. ವರ್ತಕನ ಅಜ್ಜ ಹೊನ್ನೆ ಮರವನ್ನು ಹಲಗೆ ಕೊಯ್ಯಿಸಿ, ತೊಲೆಗಳ ಮೇಲೆ ಹೊಂದಿಸಿ, ನಡುಮನೆಗೂ ಪಕ್ಕದ ಕೋಣೆಗೂ ಹಾಸಿಸಿದ್ದ. ಹಲಗೆಗಳ ಕೆಳಗೆ ಪೊಳ್ಳು ಬಿಟ್ಟು, ಗಾಳಿಯಾಡಲೆಂದು ಗೋಡೆಯ ಬುಡದಲ್ಲಿ ಕಿಂಡಿ ಇಡಿಸಿದ್ದ. ಮೂರು ತಲೆಮಾರು ಆ ನೆಲದ ಮೇಲೆ ಓಡಾಡಿತ್ತು. ಬಾಗಿಲ ಬಳಿ ಹಲಗೆ ಸವೆದಿತ್ತು, ಬಣ್ಣ ಮಾಸಿತ್ತು. ಆದರೂ ಗಟ್ಟಿಯಾಗಿತ್ತು.

ಒಂದು ವರ್ಷ ಶ್ರಾವಣದಲ್ಲಿ ಹೊಳೆ ಉಕ್ಕಿ ಪೇಟೆಗೆ ನುಗ್ಗಿತು. ಮೂರು ದಿನ ಆ ಮನೆಯೊಳಗೆ ಮೊಳಕಾಲುದ್ದ ನೀರು ನಿಂತಿತು. ನೀರು ಇಳಿದ ಮೇಲೆ ರಾಡಿ ಬಳಿದು ಹಾಕಿ ನೋಡಿದರೆ ನೆಲದ ಗುರುತೇ ಸಿಗಲಿಲ್ಲ. ಪ್ರತಿ ಹಲಗೆಯ ಎರಡು ಅಂಚೂ ಮೇಲೆದ್ದಿದ್ದವು, ನಡು ತಗ್ಗಿತ್ತು. ಮನೆ ತುಂಬ ದೋಣಿಗಳನ್ನು ಸಾಲಾಗಿ ಕಟ್ಟಿ ಹಾಕಿದ ಹಾಗಿತ್ತು. ಕಾಲಿಟ್ಟರೆ ಅಂಗಾಲು ಕೊರೆಯುತ್ತಿತ್ತು.

ವರ್ತಕ ಮೌನೇಶನನ್ನು ಕರೆಸಿದ.

"ದಸರೆಗೆ ಮಗಳ ನಿಶ್ಚಯಕ್ಕೆ ಬೀಗರು ಬರುತ್ತಾರೆ, ಮೌನೇಶಪ್ಪಾ. ಈ ನೆಲದ ಮೇಲೆ ಅವರನ್ನು ಹೇಗೆ ಕೂರಿಸಲಿ? ಅಷ್ಟರೊಳಗೆ ಸರಿ ಮಾಡಿಕೊಡುತ್ತೀಯಾ?"

ಮೌನೇಶ ಬಗ್ಗಿ ಅಂಗೈ ಆಡಿಸಿದ. ಮೇಲೆ ಒಣಗಿತ್ತು. ಮೂಲೆಯ ಹಲಗೆಯಿಂದ ಒಂದು ಮೊಳೆ ಕಿತ್ತು ನೋಡಿದ. ಅದರ ತುದಿ ಒದ್ದೆಯಾಗಿತ್ತು. ಹಲಗೆಗಳ ಕೆಳಮೈಯಲ್ಲಿ ನೀರು ಇನ್ನೂ ಇದೆ, ಅದಕ್ಕೇ ಅಂಚು ಎದ್ದಿವೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಒದ್ದೆ ಮರಕ್ಕೆ ಹತ್ತರಿ ಹಿಡಿಯಬಾರದೆಂಬುದು ಬಡಗಿಯಾದವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ವರ್ತಕ ಅವನ ಮುಖವನ್ನೇ ನೋಡುತ್ತ ನಿಂತಿದ್ದ. ಆಗುವುದಿಲ್ಲ ಎಂಬ ಮಾತು ಮೌನೇಶನ ನಾಲಿಗೆಗೆ ರೂಢಿಯಿರಲಿಲ್ಲ. ಮೊಳೆಯ ತುದಿಯನ್ನು ಧೋತರಕ್ಕೆ ಒರೆಸಿ ಕಿಸೆಗೆ ಹಾಕಿಕೊಂಡ.

"ಆಗುತ್ತದೆ ಸಾಹುಕಾರರೇ," ಎಂದ.

ಮರುದಿನವೇ ಕೆಲಸ ಹಿಡಿದ. ಮೊಳೆಗಳ ತಲೆಯನ್ನು ಒಳಕ್ಕೆ ಹೊಡೆದ. ಎದ್ದ ಅಂಚುಗಳನ್ನು ಒಂದೊಂದಾಗಿ ಕೀಸಿದ. ಹೊಟ್ಟು ಸುರುಳಿ ಸುರುಳಿಯಾಗಿ ಮನೆ ತುಂಬ ಬಿತ್ತು. ನಡುಮನೆ ಮುಗಿದ ಮೇಲೆ ಪಕ್ಕದ ಕೋಣೆಗೆ ಹೋದ. ಅದು ವರ್ತಕನ ತಾಯಿಯ ಕೋಣೆ. ಆಕೆ ಬಾಗಿಲಿಗೆ ಅಡ್ಡ ಕೂತಿದ್ದಳು.

"ಹೊಳೆ ಒಂದು ಸಲ ನನ್ನ ಮಂಚ, ಪೆಟ್ಟಿಗೆ ಎಲ್ಲ ಹೊರಗೆ ಹಾಕಿಸಿತು. ಇನ್ನೊಂದು ಸಲ ನಿನ್ನ ಕೈಯಲ್ಲಿ ಹಾಕಿಸಿಕೊಳ್ಳಲಾರೆ. ಈ ಕೋಣೆ ಹೇಗಿದೆಯೋ ಹಾಗಿರಲಿ," ಎಂದಳು.

"ಅಂಚು ಕಾಲಿಗೆ ಚುಚ್ಚುತ್ತವೆ, ಅವ್ವಾ."

"ಚುಚ್ಚಿದರೆ ನನ್ನ ಕಾಲಿಗಲ್ಲವೇ?"

ಮೌನೇಶ ನಕ್ಕು ಹಿಂದಿರುಗಿದ. ನಡುಮನೆಗೆ ಉಪ್ಪುಕಾಗದ ಉಜ್ಜಿ, ಅಗಸೆ ಎಣ್ಣೆ ಹಚ್ಚಿದ. ದಸರೆಗೆ ಬೀಗರು ಬಂದರು. ನೆಲ ನೋಡಿ, ನೆರೆ ಈ ಮನೆಗೆ ಬಂದಿತ್ತೆಂದರೆ ಯಾರು ನಂಬುತ್ತಾರೆ ಎಂದರು. ವರ್ತಕ ಎಲ್ಲರೆದುರು ಮೌನೇಶನಿಗೆ ಶಾಲು ಹೊದಿಸಿದ.

ಸಂಕ್ರಾಂತಿ ಕಳೆಯಿತು. ಬಿಸಿಲು ಏರಿತು. ಹಲಗೆಗಳ ಕೆಳಮೈ ಮೆಲ್ಲಗೆ ಒಣಗತೊಡಗಿತು. ಒಣಗಿದ ಹಾಗೆ ಮೇಲೆದ್ದಿದ್ದ ಅಂಚುಗಳು ತಾವಾಗಿಯೇ ಕೆಳಗಿಳಿದವು. ಆದರೆ ಅವು ಇಳಿಯುವ ಮೊದಲೇ ಮೌನೇಶ ಅವನ್ನು ಕೀಸಿ ತೆಗೆದಿದ್ದ. ಹೀಗಾಗಿ ಈಗ ಅಂಚು ತಗ್ಗಾಯಿತು, ನಡು ಉಬ್ಬಿತು. ಒಂದೊಂದು ಹಲಗೆಯೂ ಮೀನಿನ ಬೆನ್ನಿನಂತೆ ಎದ್ದು ನಿಂತಿತು. ಮದುವೆಗೆ ತಿಂಗಳಿದೆ ಎನ್ನುವಾಗ ವರ್ತಕನ ಮಗಳು ಕೊಡ ಹೊತ್ತು ಬರುತ್ತ ಅಲ್ಲಿಯೇ ಎಡವಿ ಬಿದ್ದು ಕಾಲು ಉಳುಕಿಸಿಕೊಂಡಳು.

ವರ್ತಕ ಮತ್ತೆ ಮೌನೇಶನನ್ನು ಕರೆಸಿದ. ಈ ಸಲ ಒಳಗೆ ಬಾ ಎನ್ನಲಿಲ್ಲ.

"ತಿದ್ದು ಎಂದು ಕರೆದೆ. ಕೆಡಿಸಿ ಹೋದೆ. ಮದುವೆಯೊಂದು ಮುಗಿಯಲಿ, ಇದನ್ನೆಲ್ಲ ಕಿತ್ತು ಒಲೆಗೆ ಹಾಕಿ ಕಲ್ಲು ಹಾಸಿಸುತ್ತೇನೆ," ಎಂದ.

ಮೌನೇಶ ಬಾಗಿಲಿನಿಂದಲೇ ನೆಲ ನೋಡಿದ. ಮನೆಗೆ ಬಂದು ಹತ್ತರಿಯನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಮಂಚದ ಕಾಲು, ಕುಂಟೆಯ ಹಿಡಿಕೆ ಎಂದು ಸಣ್ಣಪುಟ್ಟ ಕೆಲಸವನ್ನಷ್ಟೇ ಒಪ್ಪಿಕೊಂಡ. ನೆಲದ ಕೆಲಸಕ್ಕೆ ಕರೆದರೆ ಮೈ ಸರಿಯಿಲ್ಲ ಎನ್ನುತ್ತಿದ್ದ. ಮೈಗೆ ಏನೂ ಆಗಿರಲಿಲ್ಲ. ಆ ಮೊಳೆ ನೆನಪಾದರೆ ಕೈ ಮುಂದೆ ಹೋಗುತ್ತಿರಲಿಲ್ಲ, ಅಷ್ಟೇ.

ಮದುವೆ ಮುಗಿಯಿತು. ವರ್ತಕನ ಅಂಗಳದಲ್ಲಿ ನಾಲ್ಕು ಗಾಡಿ ಕಲ್ಲು ಬಂದು ಬಿತ್ತು. ಅದೇ ದಿನ ಮೌನೇಶನಿಗೆ ಕರೆ ಬಂತು. ಕರೆಸಿದವಳು ವರ್ತಕನ ತಾಯಿ. ಹೋಗದಿರೋಣ ಎಂದುಕೊಂಡ. ಹಿರಿಯಳ ಮಾತು ಮೀರಲಾರದೆ ಹೋದ.

ಆಕೆ ತನ್ನ ಕೋಣೆಯಲ್ಲಿ ಕೂತಿದ್ದಳು. "ಕಲ್ಲಿನ ಮೇಲೆ ಓಡಾಡಿದರೆ ನನ್ನ ಮಂಡಿ ಹಿಡಿಯುತ್ತದೆ. ನಡುಮನೆಯ ನೆಲ ಬದುಕುತ್ತದೆಯೋ ಇಲ್ಲವೋ ನೋಡಿ ಹೇಳು," ಎಂದಳು.

"ನನ್ನನ್ನು ಕೇಳಬೇಡಿ ಅವ್ವಾ. ಕೆಡಿಸಿದವನೇ ನಾನು."

"ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಎಷ್ಟು ಕೆಟ್ಟಿದೆ ಎಂದು ಕೆಡಿಸಿದವನಿಗಲ್ಲದೆ ಇನ್ನಾರಿಗೆ ಗೊತ್ತು? ಒಳಗೆ ಬಾ."

ಮೌನೇಶ ಹೊಸ್ತಿಲು ದಾಟಿದ. ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಕಾಲಿಗೆ ಏನೂ ಚುಚ್ಚಲಿಲ್ಲ. ಬಗ್ಗಿ ನೋಡಿದ. ಶ್ರಾವಣದಲ್ಲಿ ದೋಣಿಯ ಹಾಗೆ ಎದ್ದಿದ್ದ ಹಲಗೆಗಳು ಒಂದರ ಪಕ್ಕ ಒಂದು ಮಟ್ಟಸವಾಗಿ ಮಲಗಿದ್ದವು. ಚೀಲದಿಂದ ಮಟ್ಟಗೋಲು ತೆಗೆದು ಅಡ್ಡ ಇಟ್ಟ. ಅದರ ಕೆಳಗೆ ಕೂದಲು ತೂರಿಸಲೂ ಸಂದಿಯಿರಲಿಲ್ಲ.

"ಇದನ್ನು ಯಾರು ತಿದ್ದಿದರು, ಅವ್ವಾ?"

"ಯಾರು ತಿದ್ದುತ್ತಾರೆ? ನೀನು ಬಂದಾಗ ನಾನು ಒಳಗೆ ಬಿಡಲಿಲ್ಲ. ಕಿಟಕಿ ತೆರೆದೇ ಇಟ್ಟಿದ್ದೆ. ಬೇಸಗೆಯಲ್ಲಿ ಒಂದೊಂದೇ ಕೂತುಕೊಂಡವು."

ಮೌನೇಶ ಅಲ್ಲಿಯೇ ಕೂತು ಹಲಗೆಯ ಮೇಲೆ ಅಂಗೈ ಆಡಿಸಿದ. ಮೊದಲು ನಾಚಿಕೆಯಾಯಿತು. ಆಮೇಲೆ, ಅಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಅಲುಗಿದ ಹಾಗಾಯಿತು. ಮರ ಅವನ ಮೇಲೆ ಸೇಡು ತೀರಿಸಿಕೊಂಡಿರಲಿಲ್ಲ. ಅದು ತನ್ನ ಜಾಗಕ್ಕೆ ಮರಳಲು ನೋಡಿತ್ತು, ಅಷ್ಟೇ. ನಡುಮನೆಯ ಮರವೂ ಅದನ್ನೇ ಮಾಡಿತ್ತು.

ಅವನು ಎದ್ದು ಹೋಗಿ ವರ್ತಕನ ಎದುರು ನಿಂತ. ಮೊಳೆಯ ವಿಷಯ ಹೇಳಿದ. ತುದಿ ಒದ್ದೆಯಾಗಿತ್ತು, ನೋಡಿಯೂ ನೋಡದವನಂತೆ ಒರೆಸಿ ಹಾಕಿದೆ ಎಂದ.

ವರ್ತಕ ನಡುಮನೆಯ ನೆಲದ ಕಡೆ ಒಮ್ಮೆ ನೋಡಿದ. "ಅವತ್ತೇ ಹೇಳಬಾರದಿತ್ತೇ?"

"ಹೇಳಿದ್ದರೆ ನೀವು ಬೇರೆ ಬಡಗಿಯನ್ನು ಕರೆಸುತ್ತಿದ್ದಿರಿ."

ವರ್ತಕ ಯೋಚಿಸಿ ನೋಡಿದ. "ಕರೆಸುತ್ತಿದ್ದೆ," ಎಂದು ಒಪ್ಪಿಕೊಂಡ. ಆಮೇಲೆ, "ಮುಂಗಾರು ಹಿಡಿಯುವವರೆಗೆ ಕಲ್ಲು ಅಂಗಳದಲ್ಲೇ ಇರಲಿ. ಅಷ್ಟರೊಳಗೆ ಏನು ಮಾಡುತ್ತೀಯೋ ಮಾಡು," ಎಂದ.

ಮೌನೇಶ ನಡುಮನೆಯ ಒಂದು ಹಲಗೆ ಎತ್ತಿ ಅಡ್ಡ ಹಿಡಿದು ನೋಡಿದ. ಎರಡು ಬೆರಳು ದಪ್ಪದ ಹಲಗೆ. ಅವನು ಕೀಸಿ ತೆಗೆದದ್ದು ಒಂದು ಭತ್ತದ ಕಾಳಿನಷ್ಟು. ಉಳಿದದ್ದು ಇನ್ನೆರಡು ತಲೆಮಾರಿಗೆ ಸಾಕಾಗುವಷ್ಟಿತ್ತು. ಅವನಿಗೆ ಆ ಕ್ಷಣವೇ ಹತ್ತರಿ ತರಬೇಕೆನಿಸಿತು. ತರಲಿಲ್ಲ. ಬೋರಲು ಮಲಗಿ ಹಲಗೆಯ ಕೆಳಗೆ ಕೈ ಚಾಚಿದ. ಹೊಳೆಯ ಕಡೆಯ ಮಣ್ಣು ಇನ್ನೂ ತಣ್ಣಗಿತ್ತು. ಗೋಡೆಯ ಬುಡದ ಕಿಂಡಿಗಳಲ್ಲಿ ನೆರೆಯ ರಾಡಿ ಗಟ್ಟಿಯಾಗಿ ಕೂತಿತ್ತು. ಒಂದು ಕಡ್ಡಿ ಹಿಡಿದು ಎಲ್ಲ ಕಿಂಡಿಗಳನ್ನೂ ಬಿಡಿಸಿದ. ಅವತ್ತಿನ ಕೆಲಸ ಅಷ್ಟೇ.

ಅಲ್ಲಿಂದ ದಿನವೂ ಬೆಳಿಗ್ಗೆ ಬಂದು, ಒಂದು ಮೊಳೆ ಕಿತ್ತು, ತುದಿ ಮುಟ್ಟಿ ನೋಡಿ ಹೋಗುತ್ತಿದ್ದ. ಹತ್ತು ದಿನವಾಯಿತು, ಹದಿನೈದಾಯಿತು. ವರ್ತಕ ತಡೆಯಲಾರದೆ ಕೇಳಿದ.

"ದಿನಾ ಬಂದು ಮೊಳೆ ಮುಟ್ಟಿ ಹೋಗುವುದೂ ಒಂದು ಕೆಲಸವೇನಪ್ಪಾ?"

"ಅವತ್ತು ನಾನು ಮಾಡದೆ ಬಿಟ್ಟ ಕೆಲಸ ಇದೇ, ಸಾಹುಕಾರರೇ."

ಇಪ್ಪತ್ತೆರಡನೆಯ ದಿನ ಎಲ್ಲ ಮೂಲೆಯ ಮೊಳೆಗಳೂ ಒಣಗಿ ಬಂದವು. ಮೌನೇಶ ಮನೆಗೆ ಹೋಗಿ ಅಟ್ಟದಿಂದ ಹತ್ತರಿ ಇಳಿಸಿ ಸಾಣೆ ಹಿಡಿದ. ಮೊದಲ ಹಲಗೆಗೆ ಹತ್ತರಿ ಇಡುವ ಮುನ್ನ ಮೊಳೆಯ ತುದಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಎರಡನೆಯದಕ್ಕೂ ಮುಟ್ಟಿ ನೋಡಿದ. ಮೂರನೆಯ ಹಲಗೆಯ ಹೊತ್ತಿಗೆ ಅವನು ಮೊಳೆಯನ್ನು ಮರೆತಿದ್ದ. ಉಬ್ಬಿದಷ್ಟನ್ನೇ ಕೀಸಿದ. ಸೀಳಿ ಹೋಗಿದ್ದ ಮೂರು ಹಲಗೆಗಳನ್ನು ತೆಗೆದು ಹಳೆಯ ಹೊನ್ನೆಯನ್ನೇ ಹುಡುಕಿ ತಂದು ಕೂರಿಸಿದ. ಮರದ ಎಳೆ ಹೋದ ಕಡೆಗೇ ಉಪ್ಪುಕಾಗದ ಉಜ್ಜಿದ. ಎಣ್ಣೆ ಹಚ್ಚಿ, ಒರೆಸಿ, ಅದು ಪೂರಾ ಒಣಗಿದ ಮೇಲೆಯೇ ಇನ್ನೊಂದು ಸಲ ಹಚ್ಚಿದ. ಮುದುಕಿಯ ಕೋಣೆಗೆ ಹತ್ತರಿ ತಾಗಿಸಲಿಲ್ಲ. ಮಾಸಿದ ಬಣ್ಣ ಹೋಗುವಷ್ಟು ಉಜ್ಜಿ ಎಣ್ಣೆ ಹಚ್ಚಿದ. ಈ ಸಲ ಆಕೆಯೇ ಮಂಚ ಎತ್ತಿಸಿಕೊಟ್ಟಳು.

ಮುಂಗಾರು ಬಂತು. ನೆಲ ಜಗ್ಗಲಿಲ್ಲ. ಹಲಗೆಗಳು ಸ್ವಲ್ಪ ಹಿಗ್ಗಿದವು, ಚಳಿಗಾಲಕ್ಕೆ ಮತ್ತೆ ತಮ್ಮ ಅಳತೆಗೆ ಬಂದವು. ವರ್ತಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸು ಆ ನಡುಮನೆಯಲ್ಲೇ ಅಂಬೆಗಾಲಿಟ್ಟಿತು, ಮೊಣಕಾಲು ತರಚಿಕೊಳ್ಳಲಿಲ್ಲ. ಅಂಗಳದ ಕಲ್ಲು ಬಚ್ಚಲಿಗೂ ಹಿತ್ತಿಲ ಕಟ್ಟೆಗೂ ಹೋಯಿತು. ಮುಂದೆ ಯಾರ ಮನೆಗೆ ನೀರು ನುಗ್ಗಿದರೂ ಮೌನೇಶ ಮೊದಲು ಹೋಗಿ ಕಿಟಕಿ ತೆರೆಸಿ, ಕಿಂಡಿ ಬಿಡಿಸಿ ಬರುತ್ತಿದ್ದ. ಕೆಲವರು ಅವನನ್ನು ಸೋಮಾರಿ ಎಂದರು. ಅವನು ಬೇಸರಪಟ್ಟುಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯನಿಗೆ ಸಮಾಧಾನವಾಗಲಿಲ್ಲ. "ಅದು ಮರ, ಗುರುಗಳೇ. ಪಾಪ, ನೀರು ಕುಡಿದಿತ್ತು. ಗದಿಗೆಯ್ಯನಿಗೆ ಏನಾಗಿದೆ? ಹೊತ್ತಿಗೆ ಸರಿಯಾಗಿ ಊಟವಿದೆ, ಮಲಗಲು ಜಾಗವಿದೆ. ಬೈದವರಿಲ್ಲ, ಹೊಡೆದವರಿಲ್ಲ."

ಗುರುಗಳು ಆಗ ಒಂದೇ ಒಂದು ಮಾತು ಕೇಳಿದರು.

"ಅವನ ತಾಯಿ ತೀರಿಕೊಂಡು ಎಷ್ಟು ದಿನವಾಯಿತು, ಅಡವಯ್ಯ?"