ತೇಪೆ ಒಲ್ಲದ ಪ್ರಾಕ್ಸಿ

ಒಂದು ಕಾಲೇಜಿನ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೂ ನಡುವೆ ಪ್ರಾಕ್ಸಿ ಸರ್ವರ್ ಎಂಬ ದ್ವಾರಪಾಲಕನಿದ್ದ. ಯಾರು ಏನು ಕೇಳಿದರೂ ಅವನ ಕೈ ದಾಟಿಯೇ ಹೋಗಬೇಕು. ಅದರ ಜಂಬ ಅವನಿಗೆ. ಒಂದು ಬೆಳಿಗ್ಗೆ, ಸಾಫ್ಟ್‌ವೇರಿನ ತೂತು ಮುಚ್ಚುವ ‘ಪ್ಯಾಚ್’ ಎಂಬ ತೇಪೆ ಓಡಿಬಂದು ಊರಿಗೆಲ್ಲ ಕೇಳುವಂತೆ ಕೂಗಿತು: “ಅಯ್ಯಾ, ನಿನ್ನ ಬಾಗಿಲ ಬುಡದಲ್ಲಿ ತೂತಿದೆ! ಒಂದು ಗಳಿಗೆ ಕಣ್ಣು ಮುಚ್ಚು, ಸರಿಮಾಡಿಬಿಡುತ್ತೇನೆ.”

“ನಾನು ಕಣ್ಣು ಮುಚ್ಚಿದರೆ ಕಾಲೇಜೇ ನಿಂತುಹೋದೀತು. ಅಲ್ಲದೆ, ತೇಪೆ ಹಾಕಿಸಿಕೊಳ್ಳಲು ನಾನೇನು ಹರಕು ಕಂಬಳಿಯೇ? ಇಷ್ಟು ವರ್ಷ ಯಾವ ಕಳ್ಳನಿಗೂ ಕಾಣದ ತೂತು ಇವತ್ತೇ ಕಂಡೀತೇ? ರಜೆಯಲ್ಲಿ ಬಾ, ನೋಡೋಣ,” ಎಂದ ಪ್ರಾಕ್ಸಿ.

ಸಂಜೆಯೊಳಗೆ, ಕಂಪ್ಯೂಟರುಗಳಿಗೆ ನುಗ್ಗುವ ‘ವರ್ಮ್’ ಎಂಬ ಕಳ್ಳಹುಳುವೊಂದು ಅದೇ ತೂತಿನಿಂದ ಒಳಬಂದು ಕೈಮುಗಿಯಿತು. ಪ್ರಾಕ್ಸಿ ಬೆಚ್ಚಿಬಿದ್ದು, “ನಿನಗೆ ದಾರಿ ತೋರಿಸಿದವರು ಯಾರು?” ಎಂದ.

“ತೇಪೆಯೇ, ಸ್ವಾಮಿ. ಅದು ಕೂಗಿದ್ದು ನಿಮಗೆ, ಕಿವಿಗೊಟ್ಟಿದ್ದು ನಾನು.”