ಹೆಸರ್ಹೇಳು ಕುದ್ರು

ನಮ್ಮ ಅಳಿವೆಯಿಂದ ಹೊರಡುವ ವಿಹಾರದ ದೋಣಿಗಳು ಉಪ್ಪುನೀರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಕಾಡಿನ ನಡುವೆ ನಿಧಾನವಾಗಿ ತೇಲಿ, ಹೊಳೆ ಅಗಲವಾಗುವ ಕಡೆ ಒಂದು ಕುದ್ರುವನ್ನು ಬಳಸಿ ಹಿಂದಿರುಗುತ್ತವೆ. ಕುದ್ರು ಎಂದರೆ ಹೊಳೆಯ ನಡುಗಡ್ಡೆ. ಬೇರೆ ಕುದ್ರುಗಳಲ್ಲಿ ತೆಂಗು, ಮನೆ, ದನಕರು ಎಲ್ಲ ಉಂಟು. ಇದರಲ್ಲಿ ಮರಳು, ನಾಲ್ಕು ಕೇದಗೆ ಪೊದೆ, ಒಂದು ಕರಿಕಲ್ಲು ಬಿಟ್ಟರೆ ಏನೂ ಇಲ್ಲ. ರಜೆ ಕಳೆಯಲು ಬಂದವರು ಕಾಲು ಚಾಚಿ ಕುಳಿತು, ಮುರುಗಲ ಶರಬತ್ತು ಹೀರುತ್ತ ಸೂರ್ಯಾಸ್ತದ ಫೋಟೋ ತೆಗೆಯುತ್ತಿರುತ್ತಾರೆ. ಅಷ್ಟರಲ್ಲಿ ದೋಣಿಯವನು ಇಂಜಿನ್ ನಿಲ್ಲಿಸಿ, ಎದ್ದು ನಿಂತು, ಕುದ್ರುವಿನ ಕಡೆಗೆ "ಶೀನಾ..." ಎಂದು ಕೂಗುತ್ತಾನೆ. ಪ್ರವಾಸಿಗರಿಗೆ ಅದು ಬಲು ಮೋಜು. ತಾವೂ ಕೂಗುತ್ತಾರೆ, ಮಕ್ಕಳಿಂದಲೂ ಕೂಗಿಸುತ್ತಾರೆ. ಶೀನ ಯಾರೆಂದು ಕೇಳುವವರು ಕಡಿಮೆ. ಹೇಳಿದರೆ ಶರಬತ್ತು ಗಂಟಲಲ್ಲಿ ಇಳಿಯಲಿಕ್ಕಿಲ್ಲವೆಂದು ದೋಣಿಯವರೂ ಬಾಯಿ ಬಿಡುವುದಿಲ್ಲ. ನನಗೆ ದೋಣಿಯ ವ್ಯಾಪಾರವಿಲ್ಲ, ಆದ್ದರಿಂದ ಹೇಳುತ್ತೇನೆ.

ಹಿಂದೆ ಒಮ್ಮೆ, ಸೇತುವೆಯ ಮಾತೇ ಇಲ್ಲದ ಕಾಲದಲ್ಲಿ, ಆಚೆ ದಡದವರು ನೀರು ಇಳಿದಾಗ ಕುದ್ರುವಿನ ತನಕ ನಡೆದು ಬಂದು, ಅಲ್ಲಿಂದ ಈಚೆಯ ಕಡವಿನ, ಎಂದರೆ ಹೊಳೆ ದಾಟಿಸುವ ಕಟ್ಟೆಯ, ದೋಣಿಯನ್ನು ಕೂಗಿ ಕರೆಯುತ್ತಿದ್ದರಂತೆ. ಹೊತ್ತು ಮುಳುಗಿದ ಮೇಲೆ ಕರೆಯುವುದಕ್ಕೆ ಒಂದು ಕಟ್ಟಳೆಯಿತ್ತು. ಹೊಳೆಯಲ್ಲಿ ಸತ್ತವರು ನಮ್ಮವರದೇ ದನಿಯಲ್ಲಿ, ನಮ್ಮವರದೇ ಹೆಸರು ಹೇಳಿಕೊಂಡು ಕರೆಯುತ್ತಾರೆ, ಆದರೆ ದೈವದ ಕಾವಲಿಗೆ ಒಪ್ಪಿಸಿಟ್ಟ ಕಡವಿನವನ ಹೆಸರನ್ನು ಮಾತ್ರ ಅವರು ನಾಲಿಗೆಗೆ ತರಲಾರರು ಎಂಬ ನಂಬಿಕೆ. ಆದ್ದರಿಂದ ಕಡವಿನವನ ಹೆಸರು ಹಿಡಿದು ಕೂಗಿದರಷ್ಟೇ ದೋಣಿ ಹೊರಡುತ್ತಿತ್ತು. ಆಗಿನ ಕಡವಿನವನೇ ಶೀನ. ಅವನ ಅಪ್ಪ ಹೀಗೆಯೇ ಒಂದು ಸಂಜೆ, ತಂಗಿಯ ದನಿ ಕೇಳಿತೆಂದು ಹೆಸರಿಗೂ ಕಾಯದೆ ದೋಣಿ ನೂಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಶೀನನ ತಾಯಿಗೆ ಆ ಕಟ್ಟಳೆಯೇ ದೇವರು.

ಶೀನ ಮದುವೆಯಾದ ವರ್ಷ, ವಾಡಿಕೆಯಂತೆ ಹೆಂಡತಿ ಅಕ್ಕು ಆಷಾಢಕ್ಕೆ ಆಚೆ ದಡದ ತವರಿಗೆ ಹೋಗಿದ್ದಳು. ತಿಂಗಳು ಮುಗಿಯುವ ಮೊದಲು ಬರುವಂತಿರಲಿಲ್ಲ. ಆದರೆ ಗಂಡ ಜ್ವರ ಹಿಡಿದು ಮಲಗಿದ್ದಾನೆಂಬ ಸುದ್ದಿ ಅವಳ ಕಿವಿಗೆ ಬಿತ್ತು. ಯಾರಿಗೂ ಹೇಳದೆ ಹೊರಟಳು. ಅಮಾವಾಸ್ಯೆಯ ದಿನ, ಕುದ್ರು ಮುಟ್ಟುವಾಗಲೇ ಬೈಗಾಗಿತ್ತು, ಹಿಂದೆ ಭರತದ, ಕಡಲಿನ ಉಬ್ಬರದ, ನೀರು ಏರಿ ದಾರಿ ಮುಚ್ಚಿತ್ತು. ಘಟ್ಟದ ಮಳೆನೀರೂ ಬಂದು ಸೇರಿಕೊಂಡಿತು.

"ಹ್ವಾಯ್! ನಾನ್ ಅಕ್ಕು! ದೋಣಿ ತನ್ನಿ, ನೀರ್ ಏರ್ತಾ ಇತ್ತ್!"

ಜ್ವರದಿಂದ ಆಗಷ್ಟೇ ಎದ್ದಿದ್ದ ಶೀನ ಹುಟ್ಟು ಹಿಡಿದು ಓಡಿದ. ತಾಯಿ ಅಡ್ಡ ಬಂದು ದೋಣಿಯ ಹಗ್ಗವನ್ನೇ ಅಪ್ಪಿಕೊಂಡಳು. "ಹೋಯ್ಬೇಡ ಮಗಾ. ಅಕ್ಕು ತವರಲ್ಲಿತ್ತ್. ನಿನ್ ಅಪ್ಪಯ್ಯನ್ನ ಕರದ್ದೂ ಹೀಂಗೇ."

ಶೀನನ ಎದೆ ಅರ್ಧ ನಂಬಿತು, ಅರ್ಧ ಹೆದರಿತು. ನೀರಿನ ಅಂಚಿನಲ್ಲಿ ನಿಂತು ಕೂಗಿದ: "ನನ್ ಹೆಸ್ರ್ ಹೇಳ್! ಒಂದ್ ಸಲ ಹೇಳ್, ಬತ್ತೆ!"

ಅದೊಂದನ್ನೇ ಅವಳು ಹೇಳುವಂತಿರಲಿಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಕರಗುತ್ತದೆಂದು ಅವಳಿಗೆ ಮಾತು ಬರುವ ಮೊದಲೇ ಕಲಿಸಿದ್ದರು. ಅದರಲ್ಲೂ ಅವನಿಗೆ ಜ್ವರ. ಆ ಜ್ವರಕ್ಕೆ ಹೆದರಿಯೇ ಅವಳು ಹೊರಟು ಬಂದದ್ದು. "ಹೇಳುಕಾತಿಲ್ಲೆ! ನಿಮ್ಗ್ ಕೆಟ್ಟದಾತ್ತ್!" ಎಂದು ಅಳುತ್ತ ಕೂಗಿದಳಂತೆ. ಅವನು ಹೇಳು ಎನ್ನುವುದು, ಅವಳು ಒಲ್ಲೆನೆನ್ನುವುದು, ನಡುವೆ ನೀರು ಏರುವುದು. ಈಚೆ ದಡದ ಮನೆಗಳವರೆಲ್ಲ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡರು, ಒಬ್ಬನಾದರೂ ಅಂಗಳಕ್ಕೆ ಇಳಿಯಲಿಲ್ಲ. ಅವರಲ್ಲಿ ನಮ್ಮ ಹಿರಿಯರೂ ಇದ್ದರು, ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕಡೆಗೊಮ್ಮೆ "ಶೀನಾ..." ಎಂಬ ಕೂಗು ಸ್ಪಷ್ಟವಾಗಿ ಕೇಳಿತು ಎನ್ನುತ್ತಾರೆ. ಶೀನ ಹಗ್ಗವನ್ನು ತಾಯಿಯ ಕೈಯಿಂದ ಕಿತ್ತುಕೊಂಡು ದೋಣಿ ನೂಕಿದ. ಅವನು ತಲುಪುವಾಗ ಕುದ್ರುವಿನಲ್ಲಿ ಕರಿಕಲ್ಲಿನ ನೆತ್ತಿಯಷ್ಟೇ ಉಳಿದಿತ್ತು. ಅದಕ್ಕೆ ಒಂದು ಬಟ್ಟೆಯ ಗಂಟು ಸಿಕ್ಕಿಕೊಂಡಿತ್ತು. ಬಿಚ್ಚಿದರೆ ಒಳಗೆ ಜ್ವರಕ್ಕೆ ಕಷಾಯ ಮಾಡುವ ಅಮೃತಬಳ್ಳಿ.

ಹೆಸರು ಹೇಳಿದ್ದರಿಂದ ಅವನಿಗೆ ಕೆಟ್ಟದ್ದೇನೂ ಆಗಲಿಲ್ಲ. ಜ್ವರ ಮರಳಲಿಲ್ಲ. ಹಲ್ಲುದುರಿ, ಬೆನ್ನು ಬಾಗಿ, ಓರಗೆಯವರೆಲ್ಲ ಹೋದ ಮೇಲೂ ಅವನು ಬದುಕಿದ್ದ. ಆ ಬದುಕಿನ ಉದ್ದಕ್ಕೂ ಕುದ್ರುವಿನ ಬಳಿ ಬಂದಾಗಲೆಲ್ಲ, ಅವಳು ಹೇಳುವ ಕಷ್ಟ ತಪ್ಪಲೆಂದು, ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಿದ್ದ. ಅವನ ನಂತರ ಬಂದವರು ಅದನ್ನು ಬಿಡಲಿಲ್ಲ. ಕಟ್ಟಳೆ ಮಾತ್ರ ಅಂದೇ ಸತ್ತಿತು. ಈ ಹೊಳೆಯಲ್ಲಿ ಈಗ ಯಾರು ಕರೆದರೂ ದೋಣಿ ತಿರುಗುತ್ತದೆ.

ನೀವು ಬಂದರೆ ಕರಿಕಲ್ಲು ಕಾಣುತ್ತದೆ, ಕೂಗು ಕೇಳುತ್ತದೆ. ಕೂಗಿದ ಮೇಲೆ ದೋಣಿಯವನು ಇನ್ನೂ ಸ್ವಲ್ಪ ಹೊತ್ತು ಇಂಜಿನ್ ಹಾಕುವುದಿಲ್ಲ. ಮಾರ್ದನಿಗೆ ಕಾಯುತ್ತಿದ್ದಾನೆಂದು ಪ್ರವಾಸಿಗರು ತಿಳಿಯುತ್ತಾರೆ. ಆ ಬಯಲು ನೀರಿನಲ್ಲಿ ಮಾರ್ದನಿ ಹುಟ್ಟುವುದಿಲ್ಲ. ನಗು, ಗಲಾಟೆ ಕೊಂಚ ನಿಲ್ಲಿಸಿದರೆ, ಅವನು ಕುದ್ರುವಿನ ಕಡೆ ತಿರುಗಿ ಮೆಲ್ಲನೆ "ಬಂದೆ" ಎನ್ನುವುದು ನಿಮಗೂ ಕೇಳಿಸುತ್ತದೆ.