ಗಾಳಿ ಬೇಯಿಸಿದ ಹಕ್ಕಳಜ್ಜಿ

ಕೇಳಿ ಮಕ್ಕಳೇ. ಭೂಮಿಯ ಉತ್ತರದ ತುತ್ತತುದಿಯಲ್ಲಿ ಒಂದು ರಾಜ್ಯ ಇತ್ತು. ಅದು ಚಳಿಯ ಮರುಭೂಮಿ. ಮಳೆ ಇಲ್ಲ, ಮರ ಇಲ್ಲ. ಹಿಮ ಕರಗಿ ಹರಿಯುವ ಒಂದು ತೊರೆ, ಅದರ ದಂಡೆಯಲ್ಲಿ ಒಂದು ತುಂಡು ಹುಲ್ಲುಗಾವಲು, ಅಷ್ಟೇ. ಜೂಲು ಮೈಯ ಎತ್ತು ಅಲ್ಲಿನ ರಾಜ. ಕಾಗೆ ಮಂತ್ರಿ. ಬಿಳಿಮೊಲ ಅವರ ಪ್ರಜೆ.

ಇನ್ನೊಬ್ಬಳಿದ್ದಳು, ಹಕ್ಕಳಜ್ಜಿ. ಮಣ್ಣಿನ ಮೇಲೆ ಕಪ್ಪಗೆ ಹಕ್ಕಳೆ ಕಟ್ಟಿ ಮಲಗಿದ್ದಳು. ಕಣ್ಣಿಗೆ ಕಾಣದ ಕೋಟಿ ಜೀವಿಗಳು ಅಂಟಿಕೊಂಡು ಆದ ಅಜ್ಜಿ ಅವಳು. ಚಳಿಗಾಲದಲ್ಲಿ ಒಣಗಿ ಸತ್ತ ಹಾಗೆ ಬಿದ್ದಿರುತ್ತಾಳೆ. ನೀರು ಸೋಕಿದರೆ ಸಾಕು, ಎದ್ದು ಕೆಲಸಕ್ಕೆ ಕೂರುತ್ತಾಳೆ. ಎಂಥ ಗಟ್ಟಿ ಜೀವ ನೋಡಿ!

ಒಂದು ದಿನ ರಾಜ ಕೇಳಿದ, "ರಾಜ್ಯಕ್ಕೆ ಯಾರ್ಯಾರು ಏನೇನು ಕೊಡ್ತೀರಿ?"

"ಗೊಬ್ಬರ ಕೊಡ್ತೀನಿ ಬುದ್ಧೀ" ಎಂದಿತು ಮೊಲ.

"ಸಲಹೆ ಕೊಡ್ತೀನಿ ಪ್ರಭು" ಎಂದಿತು ಕಾಗೆ.

"ನಾನು ಗಾಳಿ ಬೇಯಿಸ್ತೀನಪ್ಪಾ" ಎಂದಳು ಅಜ್ಜಿ. "ಹುಲ್ಲಿಗೆ ಬೇಕಾದ ಸಾರ ಗಾಳೀಲೇ ಇದೆ. ಆದ್ರೆ ಹಸೀದು ಅದಕ್ಕೆ ದಕ್ಕೋದಿಲ್ಲ. ನಾನು ಬೇಯಿಸಿ ಮಣ್ಣಿಗೆ ಬಡಿಸ್ತೀನಿ."

ಕಾಗೆ ಬಿದ್ದು ಬಿದ್ದು ನಕ್ಕಿತು. "ಪ್ರಭು, ಈ ಕರಿ ಮುದುಕಿ ನಿಮ್ಮ ನೆಲಕ್ಕೆ ಹತ್ತಿದ ಕಜ್ಜಿ! ಕೆರೆದು ತೊರೆಯಾಚೆ ಕಲ್ಲುಗಳ ಮೇಲೆ ಎಸೀರಿ. ಅಲ್ಲಿ ಗಾಳಿ ತಿಂದ್ಕೊಂಡು ಬಿದ್ದಿರಲಿ!" ಗುಲಗಂಜಿಗೆ ತನ್ನ ಕಪ್ಪು ತನಗೆ ಗೊತ್ತಿಲ್ಲ ಅನ್ನುವುದು ಇದಕ್ಕೇ.

ರಾಜ ಹಿತ್ತಾಳೆ ಕಿವಿಯವನು, ಹೂಂ ಅಂದುಬಿಟ್ಟ. ಅಜ್ಜಿ ಜಗಳ ಆಡಲಿಲ್ಲ. "ಗಾಳಿ ಅಲ್ಲೂ ಇದೆಯಲ್ಲಪ್ಪಾ" ಎಂದಳು. ರಾಜ ಗೊರಸಿನಿಂದ ಅವಳನ್ನು ಕೆರೆದು ತೊರೆಯಾಚೆ ಎಸೆದ.

ಒಂದನೇ ಬೇಸಿಗೆ ಬಂತು, ಹುಲ್ಲುಗಾವಲು ಹಳದಿಯಾಯಿತು. ಎರಡನೇ ಬೇಸಿಗೆ ಬಂತು, ಹುಲ್ಲು ಕುಳ್ಳಾಯಿತು. ಮೂರನೇ ಬೇಸಿಗೆ ಬಂತು, ಆಗ ತಾನೇ ಮರಿ ಹಾಕಿದ್ದ ಮೊಲದ ಮೊಲೆಹಾಲು ಬತ್ತಿತು. ಮರಿಗಳು ಚೀಪಿ ಚೀಪಿ ಅಳುತ್ತಿದ್ದವು. ತೊರೆಯಾಚೆ ನೋಡಿದರೆ ಕಲ್ಲುಗಳ ನಡುವೆ ಪಾಚಿ, ಪಾಚಿಯ ನಡುವೆ ಹುಲ್ಲು, ಹುಲ್ಲಿನ ನಡುವೆ ನೇರಳೆ ಹೂ!

ಎಲ್ಲರೂ ಓಡಿದರು. ಕಾಗೆ ಮುಂದಾಗಿ ಹಾರಿ ಹೇಳಿತು, "ಇದು ನಾನೇ ಮಾಡಿಸಿದ ತೋಟ ಪ್ರಭು! ಗಾಳಿ ಬೇಯಿಸೋ ವಿದ್ಯೆ ಅಜ್ಜಿಗೆ ಕಲಿಸಿದ್ದೇ ನಾನು."

ಮೊಲಕ್ಕೆ ಮೈಯೆಲ್ಲ ಉರಿಯಿತು. ಆದರೂ ನಯವಾಗಿ ಕೈ ಮುಗಿಯಿತು. "ಹಾಗಾದ್ರೆ ಮಂತ್ರಿಗಳೇ, ಒಂದು ತುತ್ತು ಬೇಯಿಸಿ ಕೊಡಿ. ನನ್ನ ಮಕ್ಕಳು ಹಸ್ಕೊಂಡಿವೆ."

"ಬೇಯಿಸು" ಎಂದ ರಾಜ. "ಬೇಯೋ ತನಕ ನಿನಗೆ ಗಾಳಿಯೇ ಊಟ."

ಕಾಗೆ ಒಮ್ಮೆ ಗಾಳಿ ನುಂಗಿತು, ಬಿಕ್ಕಳಿಕೆ ಬಂತು. ಇನ್ನೊಮ್ಮೆ ನುಂಗಿತು, ಹೊಟ್ಟೆ ಉಬ್ಬಿತು. ಮತ್ತೊಮ್ಮೆ ನುಂಗಿತು, ಗಾಳಿ ಹಿಂದಿನ ಬಾಗಿಲಿನಿಂದ ಸದ್ದು ಮಾಡುತ್ತ ಹೊರಟಿತು! ಮೊಲದ ಮರಿಗಳು ಅಳು ಮರೆತು ನಕ್ಕವು. ಹಸಿವು ತಾಳದೆ ಕಾಗೆ ಒಪ್ಪಿಕೊಂಡಿತು, "ತಪ್ಪಾಯ್ತು, ಸುಳ್ಳು ಹೇಳಿದೆ."

ರಾಜ ಕೊಂಬು ಬಾಗಿಸಿದ. "ತಾಯೀ, ವಾಪಸ್ಸು ಬಾ."

"ಮೊದಲು ಆ ಬಾಣಂತಿ ಮೇಯಲಿ" ಎಂದಳು ಅಜ್ಜಿ. "ಆಮೇಲೆ ನನ್ನ ಒಂದೆರಡು ಚೂರು ಒಯ್ದು ಹಳೇ ಹುಲ್ಲುಗಾವಲಿಗೆ ಹಾಕಿ. ಆದ್ರೆ ಮೆತ್ತಗೆ ನಡೀರಪ್ಪಾ. ತುಳಿದು ಪುಡಿ ಮಾಡಿದ್ರೆ ನಾನು ಮತ್ತೆ ಕೂಡಿಕೊಳ್ಳೋ ಹೊತ್ತಿಗೆ ನಿಮ್ಮ ಮೊಮ್ಮಕ್ಕಳ ಕಾಲ ಬರುತ್ತೆ."

ಅಮ್ಮ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆ ಅಲ್ಲೊಂದು ಇಲ್ಲೊಂದು ಚೂರು ಹಾಕಿದರು. ಹೊತ್ತವರು ಯಾರು? ಕಾಗೆ! ಅದೇ ಅದರ ಶಿಕ್ಷೆ. ಕೊಕ್ಕಿನಲ್ಲಿ ಅಜ್ಜಿಯನ್ನು ಕಚ್ಚಿಕೊಂಡು ಅತ್ತಿಂದಿತ್ತ ಹಾರಿದ್ದೇ ಹಾರಿದ್ದು. ಬಾಯಲ್ಲಿ ಅಜ್ಜಿ ಇರುವಾಗ ಸುಳ್ಳು ಹೇಳುವುದಾದರೂ ಹೇಗೆ?

ಅದಕ್ಕೇ ಮಕ್ಕಳೇ, ಕಾಲ ಕೆಳಗಿರುವುದನ್ನು ಕೊಳೆ ಅನ್ನುವ ಮೊದಲು, ನಮ್ಮ ಅನ್ನ ಬೇಯಿಸಿದವರು ಯಾರು ಅಂತ ಕೇಳಿಕೊಳ್ಳಬೇಕು.